ಬಾಯಿಪರೀಕ್ಷೆಯಲ್ಲಿ ತಡವರಿಸುವ ಮಗು

ನಾಸಿಕ, ಛತ್ರಪತಿ ಸಂಭಾಜಿನಗರಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸಿ, ಒಬ್ಬೊಬ್ಬರನ್ನೇ ಕೂರಿಸಿ ಬಾಯಿಪರೀಕ್ಷೆ ಮಾಡುವವರು ಒಂದು ಸಂಗತಿ ಗಮನಿಸಬೇಕು. ಮರಾಠಿಯಲ್ಲಿ ಎ-ಏ, ಒ-ಓ ಎಂದು ಬೇರೆ ಬೇರೆ ಅಕ್ಷರಗಳಿಲ್ಲ. ಆದುದರಿಂದ ಮಗು ‘ಬೆಳೆ’ಗೆ ‘ಬೇಳೆ’ ಎಂದರೆ ಅದು ದಡ್ಡತನವಲ್ಲ, ರೂಢಿ. ಗದರಿಸದೆ ತೊಗರಿಬೇಳೆಯನ್ನೂ ಹೊಲದ ಚಿತ್ರವನ್ನೂ ತೋರಿಸಿ, ಎರಡೂ ಪದಗಳನ್ನು ಕೇಳಿಸಿರಿ; ಬಳಿಕ ಅದರಿಂದ ಹೇಳಿಸಿರಿ.

ಪ್ರಶ್ನೆ ಕೇಳಿದೊಡನೆ ಉತ್ತರ ಬಯಸಬೇಡಿರಿ. ಶಿಕ್ಷಕರು ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆಂದೂ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಬೆಳೆಯುತ್ತದೆಂದೂ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ನೆಟ್‌ವರ್ಕ್ ನಿಧಾನವಾಗಿದ್ದರೆ ಇನ್ನೂ ಕಾಯಿರಿ.

ನಾನೊಮ್ಮೆ ಅವಸರದಿಂದ ಸೊನ್ನೆ ಹಾಕಿದೆ. ಆ ಹುಡುಗಿ ಮರುವಾರ ಪಾಠಕ್ಕೆ ಬರಲಿಲ್ಲ. ಅಂಕವನ್ನು ಆಮೇಲೂ ಕೊಡಬಹುದು. ಅಂಜಿ ಮುಚ್ಚಿದ ಬಾಯನ್ನು ತೆರೆಸುವುದು ಕಷ್ಟ.