ಕಲ್ಲಿನ ಮುಂದೆ ಒಂದು ಪೀರಿಯಡ್

ಕಾಲೇಜಿನಲ್ಲಿ ಹೊಸದಾಗಿ ಇತಿಹಾಸ ಹೇಳಿಕೊಡಲು ಬಂದಿರುವ ಗೆಳೆಯರೇ, ಇಸವಿಗಳನ್ನು ಬಾಯಿಪಾಠ ಮಾಡಿಸುವ ಮುನ್ನ ಮಕ್ಕಳಿಗೆ ಅವರ ಸೀಮೆಯನ್ನೇ ಒಮ್ಮೆ ತೋರಿಸಿ. ತುಮಕೂರು ಜಿಲ್ಲೆಯ ಮಧುಗಿರಿಯಲ್ಲಿ ಬೆಟ್ಟವೇ ಪಾಠ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟದ್ದು ಈ ಬೆಟ್ಟದ ಕೋಟೆಯಲ್ಲೇ; ಬಿಡಿಸಿದವರು ಮರಾಠರು. "ಹಾಗಾದರೆ ಹೈದರ್ ಒಳ್ಳೆಯವನೋ ಕೆಟ್ಟವನೋ, ಸಾರ್?" ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ತೀರ್ಪು ಕೊಡಲು ಅವಸರ ಬೇಡ. "ಇದನ್ನು ಬರೆದಿಟ್ಟವರು ಯಾರು, ಯಾರ ಆಶ್ರಯದಲ್ಲಿದ್ದರು?" ಎಂದು ತಿರುಗಿ ಕೇಳಿ. ನನ್ನ ಮಟ್ಟಿಗೆ ಪಾಠ ಶುರುವಾಗುವುದೇ ಅಲ್ಲಿಂದ.

ಶಿರಾದವರಿಗೆ ಸುಬೇದಾರ ಮಲಿಕ್ ರಿಹಾನನ ಗೋರಿಯೂ ಪಾಳೆಯಗಾರ ಕಸ್ತೂರಿ ರಂಗಪ್ಪನಾಯಕನ ಹೆಸರು ಹೊತ್ತ ಕೋಟೆಯೂ ಒಂದೇ ಊರಿನಲ್ಲಿವೆ. ಎರಡನ್ನೂ ಒಂದೇ ದಿನ ತೋರಿಸಿ, ಒಂದರಿಂದ ಒಂದನ್ನು ಬೇರ್ಪಡಿಸಿ ಹೇಳಬೇಡಿ. ಪಾವಗಡದವರಿಗೆ ನಿಡಗಲ್ಲು ದುರ್ಗವಿದೆ.

ಇನ್ನು ಊರಮುಂದಿನ ಶಾಸನ, ವೀರಗಲ್ಲು. ಸಂಜೆ ಹೊತ್ತಿಗೆ ಹೋಗಿ. ಓರೆಬಿಸಿಲು ಬಿದ್ದಾಗ ಸವೆದ ಅಕ್ಷರಗಳು ನೆರಳು ಕಟ್ಟಿಕೊಂಡು ಎದ್ದು ಕಾಣುತ್ತವೆ. ಸೀಮೆಸುಣ್ಣ ಉಜ್ಜಲು, ಎಣ್ಣೆ ಹಚ್ಚಲು ಯಾರನ್ನೂ ಬಿಡಬೇಡಿ, ಕಲ್ಲು ಹಾಳಾಗುತ್ತದೆ. ಮರುದಿನ ಬಿ.ಎಲ್. ರೈಸ್ ಅವರ ಶಾಸನಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ತುಮಕೂರು ಜಿಲ್ಲೆಯ ಸಂಪುಟ ತೆರೆದು, ಅವರವರ ಊರಿನ ಹೆಸರು ಹುಡುಕಲು ಹೇಳಿ. ತನ್ನೂರು ಸಿಕ್ಕ ಹುಡುಗಿ ಸಾಲಿನ ಮೇಲೆ ಬೆರಳಿಟ್ಟು ಜೋರಾಗಿ ಓದತೊಡಗುತ್ತಾಳೆ. ಬೆಲ್ ಹೊಡೆದರೂ ಅವಳನ್ನು ತಡೆಯಬೇಡಿ.