ನಿವೃತ್ತಿ ಹಣಕ್ಕೆ ಯಾವ ಪುಸ್ತಕ ಓದಲಿ?

ಪ್ರಶ್ನೆ: ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತನಾಗಿ ಗೋಪಾಳದಲ್ಲಿದ್ದೇನೆ, ವಯಸ್ಸು 61. ಬಂದ ಹಣವನ್ನು ಓದಿ ತಿಳಿದು ನಾನೇ ತೊಡಗಿಸುವ ಆಸೆ. ಮಗ ಇಂಗ್ಲಿಷ್ ಪುಸ್ತಕಗಳ ದೊಡ್ಡ ಪಟ್ಟಿ ಕಳಿಸಿದ್ದಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಪಟ್ಟಿ ಸದ್ಯಕ್ಕೆ ಪಕ್ಕಕ್ಕಿರಲಿ. ಸೆಬಿಯ ಹಣಕಾಸು ಶಿಕ್ಷಣ ಕೈಪಿಡಿ ಕನ್ನಡದಲ್ಲೇ ಇದೆ, ಉಚಿತ. ಮೊದಲು ಅದನ್ನು ಓದಿ. ಅರ್ಥಶಾಸ್ತ್ರದ ತಳಪಾಯಕ್ಕೆ ಪಿಯುಸಿಯ ಕನ್ನಡ ಪಠ್ಯಪುಸ್ತಕ ಸಾಕು, ಸಂಕೋಚ ಬೇಡ. ಇಂಗ್ಲಿಷಿನಲ್ಲಿ ಒಂದೇ ಒಂದು ಓದುವುದಾದರೆ ಮೋನಿಕಾ ಹಾಲನ್ ಅವರ ‘ಲೆಟ್ಸ್ ಟಾಕ್ ಮನಿ’ (2018). ಭಾರತದ ಸಂಬಳದಾರರನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು. ಬೆಂಜಮಿನ್ ಗ್ರಹಾಂ ಅವರ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ 1949ರದ್ದು. ಷೇರಿಗೆ ಇಳಿಯುವ ಮನಸ್ಸಿದ್ದರೆ ಮಾತ್ರ ಕೈಗೆತ್ತಿಕೊಳ್ಳಿ. ಬೇಗ ಶ್ರೀಮಂತರಾಗುವ ಗುಟ್ಟು ಹೇಳುವ ಪುಸ್ತಕಗಳಿಂದ ಶ್ರೀಮಂತರಾಗುವವರು ಸಾಮಾನ್ಯವಾಗಿ ಬರೆದವರೇ.

ಓದು ಮುಗಿಯುವವರೆಗೆ ಹಣ ಸುರಕ್ಷಿತವಾಗಿರಲಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ರೂಪಾಯಿವರೆಗೆ ಇಡಬಹುದು. ಅವಧಿ 5 ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ. ಬ್ಯಾಂಕ್ ಠೇವಣಿಯಾದರೆ ನೆನಪಿಡಿ: ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷಕ್ಕಷ್ಟೇ ವಿಮೆ.

ತೆರಿಗೆ ಲೆಕ್ಕಕ್ಕೆ ಲೆಕ್ಕಪರಿಶೋಧಕರನ್ನು ಕಾಣಿ. ಹೂಡಿಕೆ ಸಲಹೆಗಾರರ ಬಳಿ ಹೋಗುವುದಾದರೆ ‘ಐಎನ್‌ಎ’ಯಿಂದ ಶುರುವಾಗುವ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ತಾಳೆ ನೋಡಿ. ಸಂಖ್ಯೆ ಕೊಡಲು ತಡವರಿಸಿದರೆ ಎದ್ದು ಬನ್ನಿ.