ನರಗಳ ಹಾದಿಯಲ್ಲಿ ಕ್ಯಾನ್ಸರ್

ನಮ್ಮ ದೇಹವು ಅಸಂಖ್ಯಾತ ಜೀವಕೋಶಗಳಿಂದ ರಚಿತವಾಗಿದೆ. ಇವು ಒಂದು ನಿಯಮಕ್ಕೆ ಒಳಪಟ್ಟು ಹುಟ್ಟುತ್ತವೆ, ಬೆಳೆಯುತ್ತವೆ, ಕಾಲ ಬಂದಾಗ ಅಳಿಯುತ್ತವೆ. ಈ ನಿಯಮವನ್ನು ಮೀರಿ ಜೀವಕೋಶಗಳು ಮಿತಿಯಿಲ್ಲದೆ ವೃದ್ಧಿಯಾಗುವುದೇ ಕ್ಯಾನ್ಸರ್. ಅದು ಹುಟ್ಟಿದೆಡೆಯಲ್ಲಿಯೇ ನಿಲ್ಲುವುದಿಲ್ಲ. ರಕ್ತನಾಳ ಮತ್ತು ದುಗ್ಧನಾಳಗಳ ಮೂಲಕ ಅದು ಹರಡುವುದೆಂಬುದು ಅನೇಕರಿಗೆ ತಿಳಿದಿದೆ. ಆದರೆ ಅದಕ್ಕೆ ಇನ್ನೊಂದು ಹಾದಿಯೂ ಉಂಟು. ಅದೇ ನರಗಳ ಹಾದಿ.

1862ರಲ್ಲಿ ಜರ್ಮನ್ ವೈದ್ಯವಿಜ್ಞಾನಿ ಅರ್ನ್ಸ್ಟ್ ನಾಯ್ಮನ್ ಎಂಬುವನು ಕೆಳತುಟಿಯ ಕ್ಯಾನ್ಸರಿನ ಒಂದು ಪ್ರಕರಣವನ್ನು ವರ್ಣಿಸಿದನು. ತುಟಿಯಲ್ಲಿ ತೊಡಗಿದ ರೋಗವು ಗದ್ದದ ನರವನ್ನು ಹೊಕ್ಕಿತ್ತು. ಈ ನರವು ಕೆಳದವಡೆಯ ಮೂಳೆಯ ಸಣ್ಣ ರಂಧ್ರವೊಂದರಿಂದ ಹೊರಬಂದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ನೀಡುತ್ತದೆ. ಇದರ ಜಾಡನ್ನು ಹಿಂದಕ್ಕೆ ಅನುಸರಿಸಿದರೆ, ದವಡೆಯ ಮೂಳೆಯೊಳಗಿನ ಕಾಲುವೆಯಲ್ಲಿ ಸಾಗಿ ತಲೆಬುರುಡೆಯ ತಳವನ್ನು ಮುಟ್ಟುತ್ತೇವೆ. ತುಟಿಯ ಹುಣ್ಣಿಗೂ ಮೆದುಳಿನ ನೆರೆಗೂ ನಡುವೆ ಇಂತಹ ದಾರಿಯಿರುವುದೇ ಅಪಾಯದ ಮೂಲ.

ಕ್ಯಾನ್ಸರ್ ಕೋಶಗಳು ನರವನ್ನೇಕೆ ಹಿಡಿಯುತ್ತವೆ? ನರವು ಹಲವು ಪದರಗಳ ಹೊದಿಕೆಯುಳ್ಳ ತಂತುಗಳ ಕಟ್ಟು. ಅದರ ಒಳಪದರಗಳಲ್ಲಿ ದುಗ್ಧನಾಳಗಳಿದ್ದು, ರೋಗವು ಅವುಗಳಲ್ಲಿ ಹರಿಯುವುದೆಂದು ಹಿಂದೆ ನಂಬಿದ್ದರು. 1960ರ ದಶಕದ ಸಂಶೋಧನೆಗಳು ಈ ನಂಬಿಕೆಯನ್ನು ಅಲ್ಲಗಳೆದವು. ನರವೂ ಅದನ್ನು ಪೋಷಿಸುವ ಕೋಶಗಳೂ ಬೆಳವಣಿಗೆಯನ್ನು ಪ್ರಚೋದಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇವುಗಳ ಸೆಳೆತಕ್ಕೆ ಕ್ಯಾನ್ಸರ್ ಕೋಶಗಳು ನರದತ್ತ ಸರಿಯುತ್ತವೆ. ತಾವೂ ನರವನ್ನು ಪ್ರಚೋದಿಸುವ ವಸ್ತುಗಳನ್ನು ಹೊರಸೂಸುತ್ತವೆ. ಗಾಯಗೊಂಡ ನರವನ್ನು ಸರಿಪಡಿಸಲು ಪ್ರಕೃತಿಯು ಇತ್ತ ಏರ್ಪಾಡನ್ನೇ ರೋಗವು ತನ್ನ ಪಯಣಕ್ಕೆ ಬಳಸಿಕೊಳ್ಳುತ್ತದೆ!

ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಈ ಬಗೆಯ ಹರಡುವಿಕೆ ಬಹು ಸಾಮಾನ್ಯ. ಆ ರೋಗಿಗಳನ್ನು ಬಾಧಿಸುವ ಹೊಟ್ಟೆ ಮತ್ತು ಬೆನ್ನಿನ ತೀವ್ರ ನೋವಿಗೆ ಇದೂ ಒಂದು ಕಾರಣ. ಬಾಯಿ ಮತ್ತು ಜೊಲ್ಲುಗ್ರಂಥಿಗಳ ಕ್ಯಾನ್ಸರಿನಲ್ಲಿಯೂ ಇದು ಕಂಡುಬರುತ್ತದೆ.

ಶಸ್ತ್ರಚಿಕಿತ್ಸೆಯಿಂದ ಹೊರತೆಗೆದ ಗೆಡ್ಡೆಯ ತೆಳುವಾದ ಸೀಳುಗಳನ್ನು ತಜ್ಞರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ನರವನ್ನು ಸುತ್ತುವರಿದ ಕ್ಯಾನ್ಸರ್ ಕೋಶಗಳು ಕಂಡರೆ, ರೋಗವು ಮರುಕಳಿಸುವ ಸಂಭವ ಹೆಚ್ಚೆಂದು ತಿಳಿಯುತ್ತಾರೆ. ಆಗ ವಿಕಿರಣ ಚಿಕಿತ್ಸೆಯ ಅಗತ್ಯವುಂಟೇ ಎಂದು ವೈದ್ಯರು ಆಲೋಚಿಸುತ್ತಾರೆ. ದೊಡ್ಡ ನರಕ್ಕೇ ರೋಗ ತಗುಲಿದ್ದರೆ, ಅದು ಸಾಗುವ ದಾರಿಯುದ್ದಕ್ಕೂ ಕಿರಣಗಳನ್ನು ಹಾಯಿಸಬೇಕಾಗಬಹುದು. ಎಂ.ಆರ್.ಐ. ಚಿತ್ರಗಳು ಆ ದಾರಿಯನ್ನು ತೋರಿಸಿಕೊಡುತ್ತವೆ. ಆದರೆ ಆರಂಭದ ಹರಡುವಿಕೆಯು ಅವಕ್ಕೂ ಗೋಚರಿಸದೆ ಹೋಗಬಹುದು.

ತಂಬಾಕು ಮತ್ತು ಅಡಕೆಯನ್ನು ಜಗಿಯುವ ಅಭ್ಯಾಸದಿಂದಾಗಿ ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿದೆ. ಆದುದರಿಂದ ಈ ವಿಷಯವು ನಮಗೆ ದೂರದ್ದಲ್ಲ. ಬಾಯಿಯಲ್ಲಿ ಮಾಯದ ಹುಣ್ಣು, ತುಟಿ ಗದ್ದಗಳಲ್ಲಿ ಜೋಮು, ಮುಖದ ಮೇಲೆ ಇರುವೆ ಹರಿದಂತಹ ಅನುಭವ, ಮುಖದ ಒಂದು ಪಕ್ಕ ಸೋಲುವುದು—ಇವೆಲ್ಲವೂ ಕ್ಯಾನ್ಸರಿನಿಂದಲೇ ಬರುವುವೆಂದಲ್ಲ. ಆದರೂ ನೋವಿಲ್ಲವೆಂದು ಇವನ್ನು ಅಲಕ್ಷಿಸಬಾರದು. ನೋವು ನರದ ಕೂಗಾದರೆ, ಜೋಮು ಅದರ ಮೌನ. ಎರಡನ್ನೂ ವೈದ್ಯರ ಗಮನಕ್ಕೆ ತರುವುದು ವಿವೇಕ.